ಹಳೇ ಗಾಡಿ, ಹೊಸ ರೂಪ: ವಿಮೆ ಯಾವುದಕ್ಕೆ?

ಜುಲೈ ತಿಂಗಳ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ. ಅಂದು ಬೆಳಿಗ್ಗೆ ಬೆಂಗಳೂರಿನಲ್ಲಿ ಈ ಗಾಡಿಗಳು ಸಾಲುಗಟ್ಟಿ ಹೊರಟರೆ ರಸ್ತೆ ಬದಿಯವರೆಲ್ಲ ತಿರುಗಿ ನೋಡುತ್ತಾರೆ. ಜೋಡಿ ಸೈಲೆನ್ಸರ್‌ಗಳ ಸದ್ದು, ಆಯಿಲ್ ಬೆರೆತ ಪೆಟ್ರೋಲಿನ ಹೊಗೆ, ಹೊಳೆಯುವ ಕ್ರೋಮ್ ಟ್ಯಾಂಕು. ಒಂದು ಗಾಡಿಯಲ್ಲಿ ಸೀಟಿನ ಅಂಚಿನ ಬೀಡಿಂಗ್ ಕೂಡ ಕಾರ್ಖಾನೆಯಿಂದ ಬಂದ ಹಾಗೆಯೇ ಉಳಿದಿರುತ್ತದೆ. ಅದರ ಪಕ್ಕದಲ್ಲೇ ನಿಂತ ಇನ್ನೊಂದಕ್ಕೆ ಹಿಂದಿನ ಮಡ್‌ಗಾರ್ಡ್ ಇಲ್ಲ, ಸೀಟು ಅರ್ಧಕ್ಕೆ ಮೊಟಕು, ಮುಂದೆ ಬೇರೆ ಕಂಪನಿಯ ಡಿಸ್ಕ್ ಬ್ರೇಕು, ಟ್ಯಾಂಕು ತಗಡು ಬಡಿದು ಮಾಡಿಸಿದ್ದು. ಯೆಜ್ಡಿ ಎಂದು ಗುರುತು ಹಿಡಿಯುವುದಕ್ಕೆ ಅದರಲ್ಲಿ ಉಳಿದಿರುವುದು ಎಂಜಿನ್ ಮಾತ್ರ.

ಇನ್ಶೂರೆನ್ಸ್ ಇದೆಯೇ ಎಂದು ಕೇಳಿದರೆ ಇಬ್ಬರು ಮಾಲೀಕರೂ ಇದೆ ಎಂದೇ ಹೇಳುತ್ತಾರೆ. ಇಬ್ಬರ ಮೊಬೈಲಿನಲ್ಲೂ ಪಾಲಿಸಿಯ ಪಿಡಿಎಫ್ ಇರುತ್ತದೆ. ಆದರೆ ಮಾರ್ಪಡಿಸಿದ ಗಾಡಿಯ ಪಾಲಿಸಿ ಬಹಳ ಸಲ ಮೂವತ್ತು–ನಲವತ್ತು ವರ್ಷದ ಹಿಂದೆ ಕಾರ್ಖಾನೆಯಿಂದ ಬಂದ ಗಾಡಿಯನ್ನು ವರ್ಣಿಸುತ್ತಿರುತ್ತದೆ. ಈಗ ರಸ್ತೆಯಲ್ಲಿ ಓಡುತ್ತಿರುವುದು ಅದಲ್ಲ. ಹಳೆಯದೂ ಹೌದು, ಮಾರ್ಪಡಿಸಿದ್ದೂ ಹೌದು ಎನ್ನುವ ಮೋಟಾರ್‌ ಸೈಕಲ್‌ಗೆ ವಿಮೆ ಮಾಡಿಸುವ ಕಷ್ಟವೆಲ್ಲ ಈ ಅಂತರದಲ್ಲಿದೆ.

ವಿಂಟೇಜ್ ಎಂದರೆ ಎಷ್ಟು ಹಳೆಯದು?

ಮಾತಿನಲ್ಲಿ ವಿಂಟೇಜ್ ಎಂಬ ಪದ ಅಗ್ಗ. ಮಾರಾಟದ ಜಾಹೀರಾತಿನಲ್ಲಿ 1990ರ ಆರ್‌ಎಕ್ಸ್ 100 ಕೂಡ ವಿಂಟೇಜ್ ಆಗಿಬಿಡುತ್ತದೆ. ಕಾನೂನು ಅಷ್ಟು ಧಾರಾಳಿಯಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ಸೇರಿಸಿದ 81ಎ ಮತ್ತು ಮುಂದಿನ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಅಥವಾ ನಾಲ್ಕು ಚಕ್ರದ ವಾಹನ ಮಾತ್ರ ವಿಂಟೇಜ್. ವಯಸ್ಸೊಂದೇ ಸಾಲದು. ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು.

ಮೈಸೂರಿನ ಗಾಡಿಗಳನ್ನೇ ತೆಗೆದುಕೊಂಡರೆ ಇದರ ಪರಿಣಾಮ ತಿಳಿಯುತ್ತದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಉದ್ಘಾಟಿಸಿದರು. ಮೊದಲು ಜಾವಾ ಹೆಸರಿನಲ್ಲಿ, 1973ರಿಂದ ಯೆಜ್ಡಿ ಹೆಸರಿನಲ್ಲಿ ಅಲ್ಲಿಂದ ಗಾಡಿಗಳು ಹೊರಬಂದವು. ಎಲ್ಲರ ಬಾಯಲ್ಲಿರುವ ರೋಡ್‌ಕಿಂಗ್ ಬಂದದ್ದು 1978ರಲ್ಲಿ. ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಅರವತ್ತರ ದಶಕದ ಜಾವಾಗಳೆಲ್ಲ ಐವತ್ತು ದಾಟಿವೆ. ಮೊದಲ ವರ್ಷದ ರೋಡ್‌ಕಿಂಗ್ 2028ಕ್ಕೆ ಮೊದಲು ಈ ಸಾಲಿಗೆ ಬರುವಂತಿಲ್ಲ. ಕೊನೆಯ ವರ್ಷಗಳ ಗಾಡಿಗಳು 2040ರ ದಶಕದವರೆಗೂ ಕಾಯಬೇಕು. ಎಂಬತ್ತರ ದಶಕದ ರಾಜದೂತ್ 350, ಆರ್‌ಎಕ್ಸ್ 100ಗಳದೂ ಇದೇ ಕಥೆ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 30 ವರ್ಷಕ್ಕೇ ಐತಿಹಾಸಿಕ ಎಂಬ ಪಟ್ಟ ಕೊಡುತ್ತದೆ. ಆದರೆ ಆ ಪಟ್ಟಕ್ಕೆ ಆರ್‌ಟಿಒ ಕಚೇರಿಯಲ್ಲಿ ಬೆಲೆಯಿಲ್ಲ.

ವಿಂಟೇಜ್ ನೋಂದಣಿ ಮಾಡಿಸಿದರೆ ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳ ನಂತರ 'ವಿಎ' ಬರುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000. ಅವಧಿ 10 ವರ್ಷ. ಆದರೆ ಹಾಗೆ ನೋಂದಣಿಯಾದ ಗಾಡಿಯಲ್ಲಿ ದಿನಾ ಆಫೀಸಿಗೆ ಹೋಗುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥವಕ್ಕಷ್ಟೇ ರಸ್ತೆಗಿಳಿಸಬಹುದು. ಅರ್ಜಿಯ ಜತೆ ಚಾಲ್ತಿಯಲ್ಲಿರುವ ವಿಮೆಯ ಪಾಲಿಸಿಯನ್ನೂ ಲಗತ್ತಿಸಬೇಕು. ಹ್ಯಾಂಡಲ್ ಬದಲಿಸಿ, ಫ್ರೇಮ್ ಕತ್ತರಿಸಿ, ಬೇರೆ ಎಂಜಿನ್ ಕೂರಿಸಿದ ಗಾಡಿ ಎಷ್ಟೇ ಹಳೆಯದಾದರೂ ಈ ಬಾಗಿಲು ಅದಕ್ಕೆ ಮುಚ್ಚಿದೆ. ಹಾಗಾಗಿ ಮಾರ್ಪಡಿಸಿದ ಹಳೇ ಗಾಡಿ ಕಾನೂನಿನ ಲೆಕ್ಕದಲ್ಲಿ ಬರೀ ಹಳೇ ಗಾಡಿ. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಿಕೊಂಡು ಓಡುವ ಸಾಮಾನ್ಯ ಮೋಟಾರ್‌ ಸೈಕಲ್ ಅದು.

ಯಾವ ಬದಲಾವಣೆಗೆ ಅಭ್ಯಂತರ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಈ ವಿಷಯದ ಬುನಾದಿ. ತಯಾರಕರು ಮೂಲದಲ್ಲಿ ಕೊಟ್ಟ, ಆರ್‌ಸಿಯಲ್ಲಿ ದಾಖಲಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಕೂಡದು ಎನ್ನುತ್ತದೆ ಅದು. ಮಾರ್ಪಾಡು ಎಂದರೇನು ಎಂಬುದನ್ನೂ ಅದೇ ಸೆಕ್ಷನ್ ವಿವರಿಸುತ್ತದೆ: ಗಾಡಿಯ ಮೂಲ ಲಕ್ಷಣವೇ ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ತಯಾರಕರ ಮೂಲ ವಿನ್ಯಾಸದಿಂದ ದೂರ ಹೋಗುವ ರಚನಾತ್ಮಕ ಬದಲಾವಣೆಗೆ ಅವಕಾಶವಿಲ್ಲ ಎಂದು ಖಚಿತಪಡಿಸಿತು. ಬಣ್ಣ ಬಳಿಸುವುದು, ಸಣ್ಣಪುಟ್ಟ ಸಾಮಾನು ಜೋಡಿಸುವುದು ಇದರೊಳಗೆ ಬರುವುದಿಲ್ಲ.

ಹಾಗಾಗಿ ಸೀಟಿನ ಹೊದಿಕೆ, ಕನ್ನಡಿ, ಕ್ರ್ಯಾಶ್ ಗಾರ್ಡ್, ಹಿಂದಿನ ಕ್ಯಾರಿಯರ್‌ಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಬಣ್ಣ ಪೂರ್ತಿ ಬದಲಾದರೆ ಆರ್‌ಸಿಯಲ್ಲೂ ಅದು ಬದಲಾಗಬೇಕು. ಚಾಪರ್ ಶೈಲಿಗೆಂದು ಮುಂದಿನ ಫೋರ್ಕ್ ಉದ್ದ ಮಾಡಿಸುವುದು, ಬಾಬರ್ ಮಾಡಲು ಫ್ರೇಮಿನ ಹಿಂಭಾಗ ಕತ್ತರಿಸಿ ಬೆಸುಗೆ ಹಾಕಿಸುವುದು, 350 ಸಿಸಿ ಬುಲೆಟ್ಟಿಗೆ 500ರ ಬ್ಲಾಕ್ ಕೂರಿಸುವುದು ಗೆರೆಯ ಆ ಕಡೆಯ ಕೆಲಸಗಳು. ಕೆಟ್ಟುಹೋದ ಎಂಜಿನ್ ತೆಗೆದು ಅದೇ ತಯಾರಿಕೆಯ, ಅದೇ ಮಾದರಿಯ ಎಂಜಿನ್ ಹಾಕಬಹುದು, ಆದರೆ ಆರ್‌ಟಿಒ ಅನುಮತಿ ಬೇಕು. ಎಂಜಿನ್ ಬದಲು ವಿದ್ಯುತ್ ಮೋಟಾರು ಕೂರಿಸುವುದಕ್ಕೂ, ಅಂಗವಿಕಲರಿಗಾಗಿ ಗಾಡಿಯನ್ನು ಹೊಂದಿಸುವುದಕ್ಕೂ ಕಾಯ್ದೆಯಲ್ಲೇ ದಾರಿಯಿದೆ. ಅಲ್ಲಿಯೂ ಅನುಮೋದನೆ ಪಡೆದ ಕಿಟ್ಟು, ಆರ್‌ಸಿಯಲ್ಲಿ ತಿದ್ದುಪಡಿ ಎರಡೂ ಕಡ್ಡಾಯ. ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಎಂದು 2019ರ ತಿದ್ದುಪಡಿ ಹೇಳುತ್ತದೆ. ದಂಡದ ಲೆಕ್ಕ ಒಂದೊಂದು ಬದಲಾವಣೆಗೆ ಪ್ರತ್ಯೇಕ ಎಂಬುದನ್ನು ಗಮನಿಸಬೇಕು.

ಸೈಲೆನ್ಸರ್ ವಿಚಾರ ಬೇರೆಯೇ. ಅದು ರಚನೆಗಿಂತ ಹೆಚ್ಚಾಗಿ ಸದ್ದಿನ ಪ್ರಶ್ನೆ. ಕಿತ್ತು ತಂದ ಸೈಲೆನ್ಸರ್‌ಗಳನ್ನು ರಸ್ತೆಯ ಮೇಲೆ ಸಾಲಾಗಿ ಜೋಡಿಸಿ ಪೊಲೀಸರು ರೋಡ್ ರೋಲರ್ ಹತ್ತಿಸುವ ದೃಶ್ಯ ಕರ್ನಾಟಕದ ಪತ್ರಿಕೆ ಓದುಗರಿಗೆ ಹೊಸದಲ್ಲ. ವಿಮೆ ಕಂಪನಿಗೆ ಅದರ ಸದ್ದಿಗಿಂತ ಎಂಜಿನ್ನಿನ ಗಾತ್ರ ಮತ್ತು ಫ್ರೇಮಿನ ಬೆಸುಗೆಯೇ ಮುಖ್ಯ.

ಒಂದು ಪಾಲಿಸಿ, ಎರಡು ಕೆಲಸ

ವಿಮೆ ಎಂದು ಒಂದೇ ಮಾತಿನಲ್ಲಿ ಕರೆದರೂ ಅದರೊಳಗಿರುವುದು ಎರಡು ಕರಾರು. ಗಾಡಿಯಿಂದ ಬೇರೆಯವರ ಜೀವಕ್ಕೆ, ದೇಹಕ್ಕೆ, ಆಸ್ತಿಗೆ ಆದ ಹಾನಿಯನ್ನು ತುಂಬಿಕೊಡುವುದು ಥರ್ಡ್ ಪಾರ್ಟಿ. ಕಾಯ್ದೆಯ 146ನೇ ಸೆಕ್ಷನ್ ಕಡ್ಡಾಯ ಮಾಡಿರುವುದು ಇದೊಂದನ್ನೇ. ಇದಿಲ್ಲದೆ ರಸ್ತೆಗಿಳಿದರೆ ಮೊದಲ ಸಲ 2,000, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಜೈಲಿಗೂ ಅವಕಾಶ. ಸ್ವಂತ ಗಾಡಿಗೆ ಪೆಟ್ಟಾದರೆ, ಕಳುವಾದರೆ, ಸುಟ್ಟುಹೋದರೆ ಹಣ ಕೊಡುವುದು ಓನ್ ಡ್ಯಾಮೇಜ್. ಎರಡೂ ಸೇರಿದ್ದನ್ನು ಜನ ಫುಲ್ ಇನ್ಶೂರೆನ್ಸ್ ಎನ್ನುತ್ತಾರೆ.

ಥರ್ಡ್ ಪಾರ್ಟಿಯ ದರವನ್ನು ನಿಗದಿ ಮಾಡುವುದು ಸರ್ಕಾರ. ಗಾಡಿಯ ವಯಸ್ಸು, ಅಂದ, ಮಾರುಕಟ್ಟೆ ಬೆಲೆ ಯಾವುದೂ ಅದಕ್ಕೆ ಲೆಕ್ಕವಿಲ್ಲ. ಎಂಜಿನ್ನಿನ ಸಿಸಿ ಒಂದೇ ಅಳತೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 75 ಸಿಸಿವರೆಗೆ ವರ್ಷಕ್ಕೆ 538 ರೂಪಾಯಿ, 75ರಿಂದ 150ರವರೆಗೆ 714, 150ರಿಂದ 350ರವರೆಗೆ 1,366, ಅದಕ್ಕೂ ಮೇಲ್ಪಟ್ಟರೆ 2,804. ಇದರ ಮೇಲೆ ಶೇ 18 ಜಿಎಸ್‌ಟಿ. ವಿಂಟೇಜ್ ಎಂದು ನೋಂದಣಿಯಾದ ಖಾಸಗಿ ಕಾರಿಗೆ ಈ ಪಟ್ಟಿ ಶೇ 50 ರಿಯಾಯಿತಿ ಕೊಟ್ಟಿದೆ. ಮೋಟಾರ್‌ ಸೈಕಲ್‌ನ ಹೆಸರು ಅಲ್ಲಿಲ್ಲ. ಯಾಕಿಲ್ಲ ಎಂಬುದಕ್ಕೆ ಸಮಂಜಸ ಕಾರಣ ಹುಡುಕುವುದು ಕಷ್ಟ. ವರ್ಷಕ್ಕೆ ನಾಲ್ಕು ಸಲ ರ‍್ಯಾಲಿಗೆ ಹೊರಡುವ 1965ರ ಜಾವಾದಿಂದ ಅದೇ ಕಾಲದ ಕಾರಿಗಿಂತ ಹೆಚ್ಚು ಅಪಾಯವೇನೂ ಇಲ್ಲ.

ಥರ್ಡ್ ಪಾರ್ಟಿ ವಿಮೆ ಕೊಡುವುದಿಲ್ಲ ಎಂದು ಕಂಪನಿ ಕೈ ಚೆಲ್ಲುವಂತಿಲ್ಲ. ಈ ವ್ಯವಹಾರವನ್ನು ಪ್ರತಿ ಸಾಮಾನ್ಯ ವಿಮಾ ಕಂಪನಿಯೂ ಇಂತಿಷ್ಟು ಮಾಡಲೇಬೇಕೆಂದು ವಿಮಾ ಕಾಯ್ದೆಯೇ ಹೇಳುತ್ತದೆ. ಓನ್ ಡ್ಯಾಮೇಜ್ ಹಾಗಲ್ಲ. ಅದನ್ನು ಕೊಡುವುದು ಬಿಡುವುದು ಕಂಪನಿಯ ಇಷ್ಟ, ಅದರ ದರವೂ ಕಂಪನಿಯದೇ. ಹತ್ತು–ಹದಿನೈದು ವರ್ಷ ದಾಟಿದ ಗಾಡಿಗೆ ಬರೀ ಥರ್ಡ್ ಪಾರ್ಟಿ ಮಾಡಿಸಿ ಸಾಕು ಎನ್ನುವ ಏಜೆಂಟರೇ ಹೆಚ್ಚು.

ಬ್ಲಾಕ್ ಬದಲಾದರೆ ಲೆಕ್ಕವೂ ಬದಲು

ಸಿಸಿ ಎಂದರೆ ಸಿಲಿಂಡರಿನೊಳಗೆ ಪಿಸ್ಟನ್ ಓಡಾಡುವ ಜಾಗದ ಗಾತ್ರ. ಹಳೇ 350 ಬುಲೆಟ್ಟಿನ ಬೋರ್ 70 ಮಿಲಿಮೀಟರ್, ಸ್ಟ್ರೋಕ್ 90. ಲೆಕ್ಕ ಹಾಕಿದರೆ 346 ಸಿಸಿ. ಸ್ಟ್ರೋಕ್ ಹಾಗೆಯೇ ಇಟ್ಟು 84 ಮಿಲಿಮೀಟರ್ ಬೋರಿನ 500ರ ಬ್ಲಾಕ್, ಪಿಸ್ಟನ್ ಹಾಕಿದರೆ ಅದು 499 ಸಿಸಿ. ಹೊರಗಿನಿಂದ ನೋಡಿದವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಎಂಜಿನ್ ನಂಬರ್ ಕೆತ್ತಿರುವುದು ಕ್ರ್ಯಾಂಕ್‌ಕೇಸಿನ ಮೇಲೆ, ಬದಲಾದದ್ದು ಅದರ ಮೇಲಿನ ಬ್ಲಾಕ್. ನಂಬರ್ ಅದೇ, ಆರ್‌ಸಿ ಅದೇ, ಪಾಲಿಸಿಯೂ ಅದೇ. ಮಾಲೀಕ ಕಟ್ಟುತ್ತಿರುವುದು 1,366 ರೂಪಾಯಿ. ನಿಜಕ್ಕೂ ಆ ಗಾಡಿಗೆ ಅನ್ವಯವಾಗಬೇಕಾದದ್ದು 2,804.

ಆರ್‌ಎಕ್ಸ್ 100ರ ಮಾಲೀಕರಿಗೆ ಈ ಆಟ ಇನ್ನೂ ಪರಿಚಿತ. 98 ಸಿಸಿಯ ಗಾಡಿಗೆ 132 ಸಿಸಿಯ ಆರ್‌ಎಕ್ಸ್ 135ರ ಬ್ಲಾಕ್ ಕೂರಿಸುವುದು ಲೇತ್ ಅಂಗಡಿಗಳ ದಿನನಿತ್ಯದ ಕೆಲಸ. ಇಲ್ಲಿ ಎರಡೂ 714 ರೂಪಾಯಿಯ ಸಾಲಿಗೇ ಬರುವುದರಿಂದ ಪ್ರೀಮಿಯಂ ಬದಲಾಗುವುದಿಲ್ಲ. ಹಾಗೆಂದು ತೊಂದರೆಯಿಲ್ಲ ಎಂದು ತಿಳಿಯಬಾರದು. ವಿಮೆ ಪಡೆದದ್ದು 98 ಸಿಸಿಯ ಗಾಡಿಗೆ, ಅಪಘಾತ ಮಾಡಿದ್ದು 132ರದು. ಪ್ರೀಮಿಯಂ ಸರಿಯಿದ್ದರೂ ವಿವರಣೆ ಸುಳ್ಳು.

ಮುಚ್ಚಿಟ್ಟ ಸಂಗತಿಯ ಬೆಲೆ

ವಿಮೆಯ ಕರಾರು ನಿಂತಿರುವುದು ಪರಮ ನಂಬಿಕೆಯ ಮೇಲೆ ಎಂಬುದು ಈ ಕ್ಷೇತ್ರದ ಹಳೇ ತತ್ವ. ಗಾಡಿ ಹೇಗಿದೆ ಎಂಬುದು ಮಾಲೀಕನಿಗೆ ಗೊತ್ತು, ಕಂಪನಿಗೆ ಗೊತ್ತಿಲ್ಲ. ಪ್ರೀಮಿಯಂ ಎಷ್ಟು, ಪಾಲಿಸಿ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸಲು ಬೇಕಾದ ಮುಖ್ಯ ಸಂಗತಿಯನ್ನು ಮಾಲೀಕನೇ ಹೇಳಬೇಕು. ಹೇಳದೆ ಬಚ್ಚಿಟ್ಟರೆ ಕಂಪನಿ ಆ ಕರಾರನ್ನೇ ಒಪ್ಪುವುದಿಲ್ಲ ಎನ್ನಬಹುದು.

ಥರ್ಡ್ ಪಾರ್ಟಿ ವಿಚಾರದಲ್ಲಿ ಕಾನೂನು ಗಾಯಗೊಂಡವರ ಪರ ನಿಂತಿದೆ. ಪರಿಹಾರ ಕೊಡುವುದಿಲ್ಲ ಎನ್ನಲು ಕಂಪನಿ ಯಾವ ಯಾವ ಕಾರಣ ಕೊಡಬಹುದು ಎಂಬುದನ್ನು ಕಾಯ್ದೆಯೇ ಎಣಿಸಿ ಇಟ್ಟಿದೆ. ಗಾಡಿ ಮಾರ್ಪಡಿಸಿದ್ದಾರೆ ಎಂಬುದು ಆ ಪಟ್ಟಿಯಲ್ಲಿ ನೇರವಾಗಿ ಇಲ್ಲ. ಮುಖ್ಯ ಸಂಗತಿ ಮುಚ್ಚಿಟ್ಟು ಪಾಲಿಸಿ ಪಡೆದಿದ್ದಾರೆ ಎಂಬುದು ಇದೆ. ಎಷ್ಟೋ ಪ್ರಕರಣಗಳಲ್ಲಿ ನ್ಯಾಯಾಲಯಗಳು ಹಿಡಿದಿರುವ ದಾರಿ ಎಂದರೆ, ಕಂಪನಿ ಮೊದಲು ಸಂತ್ರಸ್ತರಿಗೆ ಹಣ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎನ್ನುವುದು. ಸಾವು–ನೋವಿನ ಪರಿಹಾರ ಹತ್ತಾರು ಲಕ್ಷಕ್ಕೆ ಏರುವುದು ಮಾಮೂಲು. ಆ ಮೊತ್ತ ಮಾಲೀಕನ ತಲೆಯ ಮೇಲೆ ಬೀಳುವ ಸಾಧ್ಯತೆ ಇದೆ ಎಂದ ಮೇಲೆ, ಬ್ಲಾಕ್ ಬದಲಿಸಿದ್ದನ್ನು ಹೇಳದೆ ಉಳಿಸಿದ ಸಾವಿರದ ನಾನೂರ ಚಿಲ್ಲರೆ ರೂಪಾಯಿ ಯಾವ ಲೆಕ್ಕಕ್ಕೂ ಬಾರದು.

ಓನ್ ಡ್ಯಾಮೇಜ್‌ನಲ್ಲಿ ಅಷ್ಟು ರಕ್ಷಣೆಯೂ ಇಲ್ಲ. ಗಾಡಿ ಬಿದ್ದ ಮೇಲೆ ಬರುವ ಸರ್ವೇಯರ್ ಮೊದಲು ನೋಡುವುದು ಚಾಸಿಸ್ ನಂಬರನ್ನು. ಗ್ರೀಸು ಒರೆಸಿ, ನಂಬರಿನ ಮೇಲೆ ತೆಳು ಹಾಳೆಯಿಟ್ಟು ಪೆನ್ಸಿಲಿನಲ್ಲಿ ಉಜ್ಜಿ ಅಚ್ಚು ತೆಗೆಯುವ ಹಳೇ ಪದ್ಧತಿ ಇಂದಿಗೂ ಇದೆ. ಎಷ್ಟೋ ಪದರ ಬಣ್ಣ ಹೊಡೆಸಿದ ಗಾಡಿಯಲ್ಲಿ ಒಂದೆರಡು ಅಂಕಿ ಮುಚ್ಚಿಹೋಗಿರುತ್ತವೆ, ಇಲ್ಲವೇ ಮರಳಿನ ಕಾಗದ ಉಜ್ಜಿ ಸವೆದಿರುತ್ತವೆ. ಹೊಸದಾಗಿ ಬೆಸುಗೆ ಹಾಕಿದ ಫ್ರೇಮಾದರೆ ಪ್ರಶ್ನೆಗಳು ಅಲ್ಲಿಂದಲೇ ಶುರು. ಗುಜರಿಯಿಂದ ತಂದ ಎಂಜಿನ್ನಿಗೆ ಬಿಲ್ಲು ಇಲ್ಲದಿದ್ದರೆ ಅದು ಯಾರ ಗಾಡಿಯದು ಎಂಬ ಪ್ರಶ್ನೆಗೆ ಉತ್ತರವೂ ಇರುವುದಿಲ್ಲ. ಆಗ ಅದು ವಿಮೆಯ ಪ್ರಶ್ನೆಯಾಗಿ ಉಳಿಯದೆ ಪೊಲೀಸ್ ಠಾಣೆಯ ಪ್ರಶ್ನೆಯಾಗುತ್ತದೆ.

ಬದಲಾವಣೆಗೂ ಅಪಘಾತಕ್ಕೂ ಸಂಬಂಧ ಇದೆಯೇ ಎಂಬುದರ ಮೇಲೆ ಬಹಳಷ್ಟು ನಿಲ್ಲುತ್ತದೆ. ಫೋರ್ಕ್ ಉದ್ದ ಮಾಡಿಸಿದ ಗಾಡಿ ತಿರುವಿನಲ್ಲಿ ಬಿದ್ದರೆ ಕಂಪನಿಯ ಕೈ ಮೇಲು. ನಿಲ್ಲಿಸಿದ್ದ ಅದೇ ಗಾಡಿಗೆ ಹಿಂದಿನಿಂದ ಲಾರಿ ಗುದ್ದಿದರೆ ಮಾಲೀಕನ ವಾದಕ್ಕೆ ಬಲವಿದೆ. ಪೂರ್ತಿ ತಳ್ಳಿಹಾಕುವ ಬದಲು ಒಂದು ಪಾಲು ಕಡಿತ ಮಾಡಿ ಇತ್ಯರ್ಥ ಮಾಡುವ ಪದ್ಧತಿಯೂ ವಿಮೆಯಲ್ಲಿದೆ. ಅದನ್ನು ನಾನ್‌ ಸ್ಟ್ಯಾಂಡರ್ಡ್ ಸೆಟ್ಲ್‌ಮೆಂಟ್ ಎನ್ನುತ್ತಾರೆ.

ಗಾಡಿಯ ಬೆಲೆ ಎಷ್ಟೆಂದು ಬರೆಯುವುದು?

ಪಾಲಿಸಿಯಲ್ಲಿ ಐಡಿವಿ ಎಂಬ ಒಂದು ಅಂಕಿ ಇರುತ್ತದೆ. ಗಾಡಿ ಕಳುವಾದರೆ ಅಥವಾ ಪೂರ್ತಿ ನಾಶವಾದರೆ ಕಂಪನಿ ಕೊಡುವ ಗರಿಷ್ಠ ಮೊತ್ತ ಅದು. ಹೊಸ ಗಾಡಿಗೆ ಇದರ ಲೆಕ್ಕ ಸರಳ: ಶೋರೂಂ ಬೆಲೆಯಲ್ಲಿ ಮೊದಲ ಆರು ತಿಂಗಳಿಗೆ ಶೇ 5, ಒಂದು ವರ್ಷದವರೆಗೆ ಶೇ 15, ಹೀಗೆ ಏರುತ್ತಾ ಐದನೇ ವರ್ಷಕ್ಕೆ ಶೇ 50 ಕಡಿತ. ಐದು ವರ್ಷ ದಾಟಿದ ಗಾಡಿಗೂ, ತಯಾರಿಕೆ ನಿಂತುಹೋದ ಮಾದರಿಗೂ ಪಟ್ಟಿ ಇಲ್ಲ. ಕಂಪನಿ ಮತ್ತು ಮಾಲೀಕ ಮಾತಾಡಿಕೊಂಡು ಒಪ್ಪಿದ್ದೇ ಐಡಿವಿ. ಹಳೇ ಗಾಡಿಯವರಿಗೆ ಇಡೀ ವ್ಯವಸ್ಥೆಯಲ್ಲಿ ಸಿಗುವ ನಿಜವಾದ ಅವಕಾಶ ಇದು. ಬಹುತೇಕರು ಇದನ್ನು ಬಳಸಿಕೊಳ್ಳುವುದೇ ಇಲ್ಲ. ಕಂಪ್ಯೂಟರ್ ತೋರಿಸಿದ ಅಂಕಿಗೆ ತಲೆಯಾಡಿಸಿ ಹಣ ಕಟ್ಟಿ ಬರುತ್ತಾರೆ.

ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಲ್ಲಿ ನೋಡಬಹುದು. ಮಾಲೀಕನೊಬ್ಬ ಯೆಜ್ಡಿಗೆ ಒಂದೂವರೆ ಲಕ್ಷ ಸುರಿದಿದ್ದಾನೆ. ಪಾಲಿಸಿಯಲ್ಲಿ ಐಡಿವಿ 20,000. ಗಾಡಿ ಬಿತ್ತು. ಟ್ಯಾಂಕು, ಮಡ್‌ಗಾರ್ಡ್, ಹ್ಯಾಂಡಲ್ ಸೇರಿ ಲೋಹದ ಸಾಮಾನಿಗೆ 12,000, ಟೈರು, ರಬ್ಬರು, ಬ್ಯಾಟರಿಗೆ 4,000, ಕೂಲಿ 5,000, ಒಟ್ಟು 21,000 ರೂಪಾಯಿ ಬಿಲ್ಲು. ಹತ್ತು ವರ್ಷ ದಾಟಿದ ಗಾಡಿಯ ಲೋಹದ ಭಾಗಕ್ಕೆ ಸವಕಳಿ ಶೇ 50. ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಗೂ ಶೇ 50. ಕೂಲಿಗೆ ಕಡಿತವಿಲ್ಲ. ಹಾಗಾಗಿ ಬರುವುದು 6,000, 2,000 ಮತ್ತು 5,000. ಕಡ್ಡಾಯ ಕಡಿತದ 100 ರೂಪಾಯಿ ಕಳೆದರೆ ಕೈಗೆ 12,900. ಟ್ಯಾಂಕನ್ನು ನಿನ್ನೆ ಮೊನ್ನೆ ಮಾಡಿಸಿದ್ದು ಎಂದರೂ ಪ್ರಯೋಜನವಿಲ್ಲ. ಸವಕಳಿಯ ಲೆಕ್ಕ ಗಾಡಿಯ ವಯಸ್ಸಿಗೆ, ಬಿಡಿಭಾಗದ ವಯಸ್ಸಿಗಲ್ಲ.

ಪೆಟ್ಟು ಇದರ ಎರಡರಷ್ಟಾಗಿದ್ದರೆ ಇನ್ನೊಂದು ನಿಯಮ ಬರುತ್ತದೆ. ಪಾಲಿಸಿಯ ಷರತ್ತಿನಂತೆ ಲೆಕ್ಕ ಹಾಕಿದ ರಿಪೇರಿ ಖರ್ಚು ಐಡಿವಿಯ ಶೇ 75 ದಾಟಿದರೆ ಗಾಡಿಯನ್ನು ಪೂರ್ತಿ ನಷ್ಟ ಎಂದು ತೀರ್ಮಾನಿಸುತ್ತಾರೆ. 20,000 ಐಡಿವಿಗೆ ಆ ಗೆರೆ 15,000 ರೂಪಾಯಿ. ಸುಲಭವಾಗಿ ರಿಪೇರಿಯಾಗುವ ಗಾಡಿ ಕಾಗದದಲ್ಲಿ ಗುಜರಿಯಾಗುತ್ತದೆ. ಒಂದೂವರೆ ಲಕ್ಷದ ಮಾತು ಅಲ್ಲಿ ಯಾರೂ ಎತ್ತುವುದಿಲ್ಲ.

ಹಾಗಾದರೆ ಮೊದಲೇ ಬೆಲೆ ಒಪ್ಪಿ ಬರೆದುಕೊಳ್ಳಲು ಆಗದೇ? ಭಾರತದ ಮೋಟಾರ್ ಸುಂಕಪಟ್ಟಿ ಅಂಥ ಪಾಲಿಸಿಗೆ ಜಾಗ ಕೊಟ್ಟದ್ದು 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾದ, ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾ ಪ್ರಮಾಣೀಕರಿಸಿದ ಕಾರುಗಳಿಗೆ ಮಾತ್ರ. ಬ್ರಿಟನ್ನಿನಲ್ಲಿ ಇದು ಸಾಮಾನ್ಯ. ಹಳೇ ಮತ್ತು ಮಾರ್ಪಡಿಸಿದ ಮೋಟಾರ್‌ ಸೈಕಲ್‌ಗಳಿಗೇ ಮೀಸಲಾದ ವಿಮೆ ಅಲ್ಲಿದೆ. ಮಾಲೀಕರು ಎಲ್ಲ ಕೋನದಿಂದ ಫೋಟೊ ತೆಗೆದು, ಏನೇನು ಬದಲಿಸಿದೆ ಎಂದು ಪಟ್ಟಿ ಕೊಟ್ಟು, ವರ್ಷಕ್ಕೆ ಇಂತಿಷ್ಟೇ ಮೈಲಿ ಓಡಿಸುತ್ತೇನೆ ಎಂದು ಒಪ್ಪಿ ಬೆಲೆ ನಿಗದಿ ಮಾಡಿಸಿಕೊಳ್ಳುತ್ತಾರೆ. ಕಂಪನಿ ಕೇಳಿದ ಪ್ರಶ್ನೆಗೆ ಗ್ರಾಹಕ ಎಚ್ಚರದಿಂದ ನಿಜ ಉತ್ತರ ಕೊಟ್ಟರೆ ಸಾಕು, ಕೇಳದ್ದನ್ನು ತಾನಾಗಿ ಹೇಳಬೇಕಿಲ್ಲ ಎಂಬ ಕಾನೂನೂ ಅಲ್ಲಿ 2012ರಲ್ಲಿ ಬಂದಿದೆ.

ಇಲ್ಲಿ ಉಳಿದಿರುವ ದಾರಿ ಚೌಕಾಶಿ. ಬಿಡಿಭಾಗಗಳ ಬಿಲ್ಲು, ಮಾನ್ಯತೆ ಪಡೆದ ಮೌಲ್ಯಮಾಪಕರ ವರದಿ, ದಿನಾಂಕ ಕಾಣುವ ಫೋಟೊಗಳು ಕೈಯಲ್ಲಿದ್ದರೆ ಶಾಖೆಯ ಅಧಿಕಾರಿಗೆ ಹೆಚ್ಚಿನ ಐಡಿವಿ ಬರೆಯಲು ಆಧಾರ ಸಿಗುತ್ತದೆ. ಹೊಸದಾಗಿ ಹಾಕಿಸಿದ ಲೈಟು, ಮೀಟರಿನಂಥ ವಿದ್ಯುತ್ ಸಾಮಾನುಗಳನ್ನು ಬೆಲೆ ಸಮೇತ ಬೇರೆಯಾಗಿ ಸೇರಿಸಬಹುದು; ಸುಂಕಪಟ್ಟಿಯ ಪ್ರಕಾರ ಅದಕ್ಕೆ ಬೆಲೆಯ ಶೇ 4 ಹೆಚ್ಚುವರಿ ಪ್ರೀಮಿಯಂ. ಹಾಗೆ ಸೇರಿಸದ ಸಾಮಾನಿಗೆ ಕ್ಲೇಮ್‌ನಲ್ಲಿ ಚಿಕ್ಕಾಸೂ ಬರುವುದಿಲ್ಲ.

ಕಂಪ್ಯೂಟರಿಗೆ ಗೊತ್ತಿಲ್ಲದ ಗಾಡಿ

ಇಷ್ಟೆಲ್ಲ ತಿಳಿದುಕೊಂಡು ಮೊಬೈಲ್ ತೆರೆದವರಿಗೆ ಎದುರಾಗುವ ಮೊದಲ ಅಡ್ಡಿ ಇನ್ನೊಂದೇ. ವಿಮೆ ಕಂಪನಿಯ ಜಾಲತಾಣ ಮೊದಲು ಕೇಳುವುದು ನೋಂದಣಿ ಸಂಖ್ಯೆಯನ್ನು. ಎಂವೈ, ಎಂಇ, ಸಿಎ ಅಕ್ಷರಗಳಿಂದ ಶುರುವಾಗುವ, ಕೆಎ ಬರುವುದಕ್ಕೂ ಮುಂಚಿನ ಸಂಖ್ಯೆಗಳನ್ನು ಅನೇಕ ಸಲ ಅದು ಒಪ್ಪುವುದೇ ಇಲ್ಲ. ಒಪ್ಪಿದರೂ ಮಾದರಿಗಳ ಪಟ್ಟಿಯಲ್ಲಿ ಸಿಗುವ ಯೆಜ್ಡಿ 2022ರಲ್ಲಿ ಮರಳಿ ಬಂದ ಹೊಸ ಗಾಡಿ, ಮೈಸೂರಿನ ಹಳೆಯದಲ್ಲ. ಸಿಕ್ಕಿದ್ದನ್ನು ಒತ್ತಿ ಮುಂದೆ ಹೋದರೆ ತಪ್ಪು ಗಾಡಿಗೆ ಪಾಲಿಸಿ ಬರುತ್ತದೆ.

ಮೂಲ ಕಾರಣ ಹಳೇ ಆರ್‌ಸಿ ಪುಸ್ತಕ. ಕೈಬರಹದ ದಾಖಲೆ ಕೇಂದ್ರ ಸರ್ಕಾರದ ವಾಹನ್ ತಂತ್ರಾಂಶಕ್ಕೆ ಏರದೇ ಉಳಿದಿದ್ದರೆ ಆ ಗಾಡಿ ಆನ್‌ಲೈನ್ ಲೋಕದಲ್ಲಿ ಇಲ್ಲವೆಂದೇ ಅರ್ಥ. ನೋಂದಣಿಯಾದ ಆರ್‌ಟಿಒ ಕಚೇರಿಗೆ ಮೂಲ ಆರ್‌ಸಿ ಒಯ್ದು ವಿವರಗಳನ್ನು ಏರಿಸಲು ಅರ್ಜಿ ಕೊಡಬೇಕು. ಇದನ್ನು ಬ್ಯಾಕ್‌ಲಾಗ್ ಎಂಟ್ರಿ ಎನ್ನುತ್ತಾರೆ. ಅದೇ ಹೊತ್ತಿಗೆ ಬಣ್ಣ, ಬದಲಿಸಿದ ಎಂಜಿನ್ನಿನ ಸಂಖ್ಯೆ ಮುಂತಾದ ಕಾನೂನುಬದ್ಧ ತಿದ್ದುಪಡಿಗಳನ್ನೂ ಮಾಡಿಸಿಕೊಂಡರೆ ಎರಡು ಸಲ ಅಲೆಯುವುದು ತಪ್ಪುತ್ತದೆ. ಅನುಮೋದಿತ ಮಾರ್ಪಾಡನ್ನು ಮಾಡಿಸಿದ 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಬೇಕೆಂಬ ಗಡುವೂ ಕಾಯ್ದೆಯಲ್ಲಿದೆ. ಫ್ರೇಮ್ ಕತ್ತರಿಸಿದಂಥ ಬದಲಾವಣೆಗೆ ತಿದ್ದುಪಡಿಯ ದಾರಿಯೇ ಇಲ್ಲ. ಅದನ್ನು ಮೂಲ ರೂಪಕ್ಕೆ ತರುವುದೊಂದೇ ಉಪಾಯ. ಇಲ್ಲದಿದ್ದರೆ ಆ ಗಾಡಿ ಪ್ರದರ್ಶನದ ವೇದಿಕೆಯ ಮೇಲೆ ಇರುವುದೇ ಮೇಲು.

ಆರ್‌ಸಿ ಸರಿಯಾದ ಮೇಲೆ ವಿಮೆ. ನ್ಯೂ ಇಂಡಿಯಾ, ನ್ಯಾಷನಲ್, ಓರಿಯಂಟಲ್, ಯುನೈಟೆಡ್ ಇಂಡಿಯಾ ಎಂಬ ನಾಲ್ಕು ಸರ್ಕಾರಿ ಕಂಪನಿಗಳಿಗೆ ಜಿಲ್ಲಾ ಕೇಂದ್ರಗಳಲ್ಲೂ ಕಚೇರಿಗಳಿವೆ. ಹಳೇ ಗಾಡಿಯವರು ಹೆಚ್ಚಾಗಿ ಅಲ್ಲಿಗೆ ಹೋಗುವುದು ಎದುರು ಕುಳಿತು ಮಾತಾಡಬಹುದು ಎಂಬ ಕಾರಣಕ್ಕೆ. ವಿಮೆ ತಪ್ಪಿ ಬಹಳ ದಿನವಾಗಿದ್ದರೆ ಓನ್ ಡ್ಯಾಮೇಜ್‌ಗೆ ಮುನ್ನ ಗಾಡಿಯ ತಪಾಸಣೆ ಆಗುತ್ತದೆ. ಹಿಂದಿನ ಪಾಲಿಸಿ ಮುಗಿದು 90 ದಿನ ದಾಟಿದ್ದರೆ ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ಬೋನಸ್ ಕೈತಪ್ಪುತ್ತದೆ. ತಪಾಸಣೆಗೆ ಹೆದರುವವರಿದ್ದಾರೆ. ವಾಸ್ತವದಲ್ಲಿ ಅದು ಮಾಲೀಕನಿಗೇ ಅನುಕೂಲ. ಮಾರ್ಪಾಡುಗಳೆಲ್ಲ ಕಾಣುವಂತೆ ಕಂಪನಿಯ ಮನುಷ್ಯನೇ ಫೋಟೊ ತೆಗೆದು ಪಾಲಿಸಿ ಕೊಟ್ಟ ಮೇಲೆ, ನಮಗೆ ಹೇಳಿರಲಿಲ್ಲ ಎಂದು ಅದೇ ಕಂಪನಿ ನಾಳೆ ವಾದಿಸುವುದು ಕಷ್ಟ. ಮಾರ್ಪಾಡುಗಳ ಪಟ್ಟಿಯನ್ನು ಅರ್ಜಿಯ ಜತೆ ಬರವಣಿಗೆಯಲ್ಲಿ ಕೊಟ್ಟು ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳುವುದೂ ಇದೇ ಕಾರಣಕ್ಕೆ. ಏಜೆಂಟನಿಗೆ ಬಾಯಿಮಾತಲ್ಲಿ ಹೇಳಿದ್ದೆ ಎಂಬುದು ಕ್ಲೇಮ್ ಹೊತ್ತಿಗೆ ನಿಲ್ಲುವುದಿಲ್ಲ.

ವರ್ಷದ ಬಹುಪಾಲು ಹೊದಿಕೆಯಡಿ ನಿಂತಿರುವ ಗಾಡಿಗೆ ಫುಲ್ ಇನ್ಶೂರೆನ್ಸ್ ದಂಡ ಎನಿಸಿದರೆ, ಥರ್ಡ್ ಪಾರ್ಟಿಯ ಜತೆ ಬೆಂಕಿ ಮತ್ತು ಕಳವಿಗೆ ಮಾತ್ರ ರಕ್ಷಣೆ ಪಡೆಯುವ ಏರ್ಪಾಡು ಸುಂಕಪಟ್ಟಿಯಲ್ಲಿದೆ. ಕೇಳಿದವರಿಗಷ್ಟೇ ಇದು ಸಿಗುತ್ತದೆ, ತಾವಾಗಿ ಹೇಳುವ ಏಜೆಂಟರು ವಿರಳ. ಓಡಿಸಿದಷ್ಟಕ್ಕೆ ಪ್ರೀಮಿಯಂ ಕಟ್ಟುವ ಪಾಲಿಸಿಗಳಿಗೆ 2022ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಅನುಮತಿ ಕೊಟ್ಟಿದೆಯಾದರೂ ಅದರ ಲಾಭ ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ. ಮಾಲೀಕ–ಚಾಲಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ಬೇರೆ ಕಡೆ ಇಲ್ಲದಿದ್ದರೆ ಇದರ ಜತೆಗೇ ಮಾಡಿಸಬೇಕು.

ವಿಮೆಯಂತೆಯೇ ರಸ್ತೆಗಿಳಿಯಲು ಬೇಕಾದ ಹೊಗೆ ತಪಾಸಣೆಯ ಪತ್ರವೂ ಹಳೇ ಟೂ ಸ್ಟ್ರೋಕ್ ಗಾಡಿಗಳನ್ನು ಕಾಡುತ್ತದೆ. 2000ದ ಮಾರ್ಚ್‌ಗೆ ಮೊದಲು ತಯಾರಾದ ದ್ವಿಚಕ್ರ ವಾಹನಕ್ಕೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 4.5. ಕಾರ್ಬ್ಯುರೇಟರ್ ಸರಿಯಾಗಿ ಟ್ಯೂನ್ ಆಗಿದ್ದು, ಆಯಿಲ್ ಅಳತೆ ತಪ್ಪದಿದ್ದರೆ ಯೆಜ್ಡಿಗೆ ಇದನ್ನು ದಾಟುವುದು ಕಷ್ಟವಲ್ಲ. ದೊಡ್ಡ ಜೆಟ್ ಹಾಕಿಸಿ, ಫಿಲ್ಟರ್ ಕಿತ್ತೆಸೆದ ಗಾಡಿಯ ಕಥೆ ಬೇರೆ.

ಕ್ಲೇಮ್ ನಿರಾಕರಿಸಿದಾಗ, ಗಾಡಿ ಮಾರುವಾಗ

ಕಂಪನಿ ಕ್ಲೇಮ್ ತಳ್ಳಿಹಾಕಿದರೆ ಕಾರಣವನ್ನು ಬರಹದಲ್ಲಿ ಪಡೆದು ಮೊದಲು ಅದರ ದೂರು ವಿಭಾಗಕ್ಕೇ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. 50 ಲಕ್ಷ ರೂಪಾಯಿವರೆಗಿನ ತಕರಾರು ಅಲ್ಲಿ ಇತ್ಯರ್ಥವಾಗುತ್ತದೆ. ಶುಲ್ಕವಿಲ್ಲ, ವಕೀಲರೂ ಬೇಡ. ಜಿಲ್ಲಾ ಗ್ರಾಹಕ ಆಯೋಗದ ದಾರಿ ಇನ್ನೊಂದು.

ಮಾರ್ಪಡಿಸಿದ ಹಳೇ ಗಾಡಿಗಳು ಕೈ ಬದಲಾಗುವುದೇ ಹೆಚ್ಚು. ಕಟ್ಟಿದವನೊಬ್ಬ, ಮೂರು ವರ್ಷದ ಮೇಲೆ ಓಡಿಸುವವನೇ ಇನ್ನೊಬ್ಬ. ಗಾಡಿ ಮಾರಾಟವಾದಾಗ ಥರ್ಡ್ ಪಾರ್ಟಿ ವಿಮೆ ಕೊಂಡವನ ಹೆಸರಿಗೆ ತಾನಾಗಿಯೇ ಹೋದಂತೆ ಎಂದು ಕಾಯ್ದೆಯ 157ನೇ ಸೆಕ್ಷನ್ ಹೇಳುತ್ತದೆ. ಓನ್ ಡ್ಯಾಮೇಜ್ ಹಾಗೆ ಹೋಗುವುದಿಲ್ಲ. ಕೊಂಡವನು 14 ದಿನಗಳೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಬೋನಸ್ ಮಾತ್ರ ಮಾರಿದವನದೇ. ಅದು ವ್ಯಕ್ತಿಗೆ ಸೇರಿದ್ದು, ಗಾಡಿಗಲ್ಲ. ಹೆಸರು ಬದಲಿಸುವ ಅರ್ಜಿಯ ಜತೆಗೇ ಹೊಸ ಮಾಲೀಕ ತನಗೆ ಗೊತ್ತಿರುವ ಮಾರ್ಪಾಡುಗಳನ್ನು ಹೇಳಿಬಿಡಬೇಕು. ಹಿಂದಿನವನು ಏನು ಮಾಡಿಸಿದ್ದನೋ ಗೊತ್ತಿಲ್ಲ ಎನ್ನುವ ಉತ್ತರ ಸರ್ವೇಯರ್ ಮುಂದೆ ನಡೆಯುವುದಿಲ್ಲ. ಕೊಳ್ಳುವ ಮೊದಲು ನಂಬಿಕಸ್ತ ಮೆಕ್ಯಾನಿಕ್‌ನಿಂದ ಹೆಡ್ ಬಿಚ್ಚಿಸಿ, ಬೋರ್ ಅಳೆಸಿ, ಚಾಸಿಸ್ ನಂಬರಿನ ಅಚ್ಚು ತೆಗೆಸಿ ಆರ್‌ಸಿಯ ಜತೆ ತಾಳೆ ನೋಡಲು ಅರ್ಧ ದಿನ ಹಿಡಿಯುತ್ತದೆ. ಅದಕ್ಕೆ ಒಪ್ಪದ ಮಾರಾಟಗಾರನ ಗಾಡಿಯನ್ನು ಕೊಳ್ಳಬಾರದು.